ಅಳಿಯಂದ್ರ ದುರ್ಬೀನು

ಮೊಮ್ಮಗಳ ಸುದ್ದಿ ತಗದ್ರ ನನ್ನ ಬಾಯಿಗೆ ಕದ ಇಲ್ಲ. ನರೋಣಾ ಬಸ್ಸಿನ್ಯಾಗ ಗುರುತಿಲ್ಲದವರಿಗೂ ಹೇಳಿ, ಪಾಪ, ಅವರು ತಮ್ಮ ಊರು ಬರೋಕ್ಕಿಂತ ಮೊದಲೇ ಇಳಿಯೋ ಹಂಗ ಮಾಡೇನಿ. ನೀವು ಓದೋ ಮಂದಿ, ನಡುವ ಇಳಿಯಾಕ ಬರಂಗಿಲ್ಲ. ಕುಂದರ್ರಿ.

ಚರಗದ ಹಬ್ಬಕ್ಕ ಸೊಲ್ಲಾಪುರದಿಂದ ಮಗಳು, ಅಳಿಯ, ಮೊಮ್ಮಗಳು ಅನ್ವಿ ಬಂದಿದ್ದರು. ಹಗಲೆಲ್ಲಾ ಹೊಲದಾಗ ಇದ್ವಿ. ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಭೂಮಿತಾಯಿಗೆ ಚರಗ ಅಂತ ಬೆಳಿ ತುಂಬ ಚೆಲ್ಲಿ, ಉಳಿದದ್ದು ಹೊಟ್ಟಿಗೆ ಹಾಕ್ಕೊಂಡು ಬಂದ್ವಿ. ಆದ್ರ ಬಂದಾಗಿಂದ ಕೂಸು ನನ್ನ ತೊಡಿ ಹತ್ತಿರಲಿಲ್ಲ. ಆಯಿ ಸೀರಿ ಒಲಿ ಹೊಗಿ ನಾರತದಂತ. ಸಂಜಿಗೆ ಊಟಾನೂ ಒಲ್ಲೆ ಅಂದಳು. ಪಪ್ಪಾ ಚಂದ್ರನ್ನ ತೋರಿಸಿದ ಮ್ಯಾಲೇ ಉಣ್ಣಾಕಿ ಅಂತ.

ಪಪ್ಪಾ ಅಂದ್ರ ನಮ್ಮ ಅಳಿಯ. ಮೂರು ಕಾಲಿನ ಮ್ಯಾಲ ನಿಂದ್ರೋ ಹೊಸಾ ದುರ್ಬೀನು ತಂದಿದ್ದ. ಅದರಾಗ ಚಂದ್ರನ ಮೈಮ್ಯಾಲಿನ ಕುಣಿನೂ ಕಾಣತಾವಂತ. ಕುಣಿ ನೋಡಾಕ ಅಷ್ಟು ದೂರ ಯಾಕ, ಆಳಂದ ರಸ್ತೆದಾಗ ಬೇಕಾದಷ್ಟು ಅವ ಅಂತ ನಾಲಿಗಿ ತುದಿಗೆ ಬಂದಿತ್ತು. ಅಳಿಯ ಅಂತ ನುಂಗಿದೆ.

ದೀಪ ಹಚ್ಚೋ ಹೊತ್ತಿಗೆ, ಕೂಸಿನ ಕಡಬಿನ ತಾಟು ಹಿಡಕೊಂಡು ಎಲ್ಲಾರೂ ಮಾಳಿಗಿ ಹತ್ತಿದ್ವಿ. ಹಲ್ಲು ಕಟಕಟ ಅನ್ನೋ ಚಳಿ. ಮೂಡಣಕ್ಕ ನೋಡಿದ್ವಿ, ಚಂದ್ರ ಇಲ್ಲ. ದುರ್ಬೀನು ಹೊತ್ಕೊಂಡು ಪಡುವಣ ಮೂಲಿಗೆ ಹೋದ್ವಿ, ಅಲ್ಲೂ ಇಲ್ಲ. ಮಂಜು ಕವಿದದ ಅಂದ ಅಳಿಯ. ಬೇವಿನ ಗಿಡ ಅಡ್ಡ ಬಂದದ ಅಂದ. ಎರಡು ಡಿಗ್ರಿ ಮುಗಿಸಿದ ನನ್ನ ಮಗಳು, ಇವತ್ತು ತಡಾ ಆಗಿರಬೇಕು ಅಂದಳು, ಚಂದ್ರ ಅಂದ್ರ ಕಲಬುರಗಿ ಬಸ್ಸು ಅನ್ನೋ ಹಂಗ. ನಮ್ಮ ಮನಿಯವರು ಬಗ್ಗಿ, ದುರ್ಬೀನಿಗೆ ಕಣ್ಣು ಹಚ್ಚಿ, "ಭಾಳ ಛಲೋ ಕಾಣಾಕತ್ತಾನ್ರಿ ಅಳಿಯಂದ್ರ" ಅಂದ್ರು. ದುರ್ಬೀನಿನ ಮುಚ್ಚಳ ಇನ್ನೂ ತಗದಿರಲಿಲ್ಲ. ಅಳಿಯನ ಮುಂದ ಇಲ್ಲ ಅನ್ನೋ ರೂಢಿ ನಮ್ಮ ಮನ್ಯಾಗ ಇಲ್ಲ ನೋಡ್ರಿ.

ನಾನೇನು ಕಡಿಮಿ? ಕೂಸು ಉಪವಾಸ ಅದ, ಬಾರೋ ನಮ್ಮಪ್ಪ ಅಂತ ಮುಗಿಲಿಗೆ ಸೆರಗೊಡ್ಡಿದ್ದೆ.

ಚಳಿ ತಡೀಲಾರದ ಅನ್ವಿ ಮೆಲ್ಲಕ ಬಂದು ನನ್ನ ಕೌದಿಯೊಳಗ ಹೊಕ್ಕಳು. ತೊಡಿ ಮ್ಯಾಲೇ ಕುಂತಳು! ಹೊಗಿ ವಾಸನಿ ಎಲ್ಲಿ ಹೋತೋ. ಇವತ್ತಿನ ಹಬ್ಬಕ್ಕ ಏನಂತಾರ ಅಂತ ಕೇಳಿದಳು. ಇಷ್ಟು ಗೊತ್ತಿಲ್ಲೇನು ಅನ್ನೋ ಗತ್ತಿನ್ಯಾಗ "ಎಳ್ಳ ಅಮಾಸಿ ಬೇ" ಅಂದೆ.

ಅಂದವಳೇ ನಾಲಿಗಿ ಕಚಗೊಂಡೆ. ಈ ಅಮಾಸಿಗಂತಲೇ ಸಜ್ಜಿ ಬೀಸಿಸಿದಾಕಿ ನಾನು. ಅಮಾಸಿಗಂತಲೇ ರಜಾ ಹಾಕಿ ಬಂದಾಂವ ಅಳಿಯ. ಅಮಾಸಿ ದಿನ ಹೊಸಾ ಕೆಲಸ ಬ್ಯಾಡ ಅಂತ ಜೀವ ತಿನ್ನೋವರು ನಮ್ಮ ಮನಿಯವರು. ಇಷ್ಟೂ ಮಂದಿ ಕೂಡಿ ಮಾಳಿಗಿ ಮ್ಯಾಲ ಚಂದ್ರನ್ನ ಹುಡುಕಾಕತ್ತೇವಿ!

ಇವತ್ತ ಅಂವ ಬರಂಗಿಲ್ಲವ್ವ ಅಂತ ಕೂಸಿನ ಕಿವ್ಯಾಗ ಅಂದೆ. ಅಳತಾಳಂತ ಕಡಬಿನ ತುತ್ತು ಹಿಡಕೊಂಡೇ ಕುಂತೆ. ಅಕಿ ಮ್ಯಾಲ ನೋಡಿದಳು. ಮುಗಿಲ ತುಂಬ ಚಿಕ್ಕಿ ಮಿನುಗಾಕತ್ತಿದ್ದವು.

"ಅಂವನೂ ಹೊಲಕ್ಕ ಹೋಗ್ಯಾನೇನ ಆಯಿ? ನೋಡಲ್ಲೆ, ಎಷ್ಟು ಚರಗ ಚೆಲ್ಯಾನ."

ಅಷ್ಟಂದು ಬಾಯಿ ತೆರೆದಳು. ತುತ್ತು ಇಟ್ಟೆ.

ಅಳಿಯ ಇನ್ನೂ ಬೇವಿನ ಗಿಡದ ಸಂದ್ಯಾಗ ಹುಡುಕಾಕತ್ತಿದ್ದ. ಖರೇ ಹೇಳಬಹುದಿತ್ತು. "ಮಂಜು ಭಾಳ ಅದ್ರಿ. ದುರ್ಬೀನು ಇಲ್ಲೇ ಇರಲಿ, ಹುಣ್ಣಿಮಿಗೆ ಬಂದು ತೋರಿಸ್ರಿ" ಅಂದೆ. ಹೌದ್ರಿ, ಅದೇ ಬರೋಬರಿ ಅಂದ.

ದುರ್ಬೀನು ಈಗ ನಮ್ಮ ಪಡಸಾಲ್ಯಾಗ ಅದ. ನಾನು ದಿನಾ ಸಂಜಿಗೆ ಮೊಣಕಾಲು ಹಿಡಕೊಂಡು ಮಾಳಿಗಿ ಹತ್ತತೇನಿ, ಚಂದ್ರ ಎಷ್ಟು ಬೆಳದಾನ ನೋಡಾಕ.