ಹುಳ ಇಲ್ಲದ ಐದು ದಿನ

ಅವ್ವ ಎದ್ದು ಓಡಾಡಿದ ಕೊನೆಯ ದಿನ ನಾವು ಮೂವರೂ ರೇಷ್ಮೆಗೂಡು ಬಿಡಿಸುತ್ತಾ ಕೂತಿದ್ದೆವು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಗೋಡೆಗೆ ಒರಗಿಸಿಕೊಂಡು ಒಂದೊಂದೇ ಗೂಡು ಕಿತ್ತು ಮಂಕರಿಗೆ ಹಾಕುವ ಕೆಲಸ. ಗಟ್ಟಿ ಗೂಡು ಬೇರೆ, ಜಾಳು ಗೂಡು ಬೇರೆ. ನನ್ನ ಕೈ ನಿಧಾನ. "ನೀನು ಇಂಗೆ ಬಿಡಿಸ್ತಾ ಕೂತ್ರೆ ಒಳಗಿರೋ ಹುಳ ಚಿಟ್ಟೆಯಾಗಿ ಹಾರೋಯ್ತವೆ ಕನಮ್ಮಿ" ಅಂದಳು ಅವ್ವ. ಅಪ್ಪ ನಕ್ಕ. ಸಂಜೆಗೆ ಮುದ್ದೆ, ಬಸ್ಸಾರು. ಆ ದಿನದ ಬಗ್ಗೆ ಬರೆಯಲು ಬೇರೇನೂ ಇಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ಗೂಡಿನ ಚೀಲ ಹೊತ್ತುಕೊಂಡು ರಾಮನಗರದ ಮಾರುಕಟ್ಟೆಗೆ ಹೋದ. ಒಲೆಯ ಮುಂದಿದ್ದ ಅವ್ವನ ಬಲಗೈಯಿಂದ ಹಾಲಿನ ಪಾತ್ರೆ ಜಾರಿತು. ಬಾಯಿ ಒಂದು ಕಡೆಗೆ ವಾಲಿತು. ವಾರವೆಲ್ಲ ನಿದ್ದೆಗೆಟ್ಟು ದುಡಿದಿದ್ದಾಳೆ, ಸುಸ್ತು ಅಂದುಕೊಂಡು ಮಲಗಿಸಿದೆ. ಅಪ್ಪ ಬರಲಿ ಅಂತ ಕಾದೆ. ಅವನು ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಆಸ್ಪತ್ರೆಯಲ್ಲಿ ಡಾಕ್ಟರು, "ಲಕ್ವ ಹೊಡೆದಿದೆ. ಶುರುವಾಗಿ ಎಷ್ಟು ಹೊತ್ತಾಯ್ತು?" ಅಂತ ಕೇಳಿದರು. ನಾನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವ್ವ ಉಳಿದಳು. ಬಲಭಾಗಕ್ಕೆ ಜೀವ ಬರಲಿಲ್ಲ. ಮಾತು ಅರ್ಧ ಬಂತು.

ಆಗ ನನ್ನ ಪಿಯುಸಿ ಮುಗಿದಿತ್ತು. ಕನಕಪುರದ ಕಾಲೇಜಿನಿಂದ ಬಿ.ಕಾಂ. ಅರ್ಜಿ ತಂದಿಟ್ಟುಕೊಂಡಿದ್ದೆ. ಅದನ್ನು ಬಿಟ್ಟು ಎರಡು ವರ್ಷದ ನರ್ಸಿಂಗ್ ತರಬೇತಿಗೆ ಸೇರುತ್ತೇನೆ ಅಂದೆ. ಪಕ್ಕದ ಬೀದಿಯಲ್ಲಿರುವ ಸೋದರತ್ತೆ ಕೈ ಕಟ್ಟಿಕೊಂಡು ನಿಂತಳು. "ಊರೋರ ಹೇಲು ಉಚ್ಚೆ ಬಾಚಕ್ಕೆ ಎರಡು ವರ್ಸ ಓದ್ಬೇಕೇನಮ್ಮಿ?"

"ನಾವು ವರ್ಸೆಲ್ಲಾ ಹುಳದ ಹಿಕ್ಕೆ ಬಾಚಾಕಿಲ್ವಾ? ಓದ್ಲಿ ಬುಡು" ಅಂದ ಅಪ್ಪ.

ನನಗೆ ಇದ್ದ ಆಸೆ ಒಂದೇ. ಅವ್ವನನ್ನು ಸರಿಯಾಗಿ ನೋಡಿಕೊಳ್ಳುವುದು ಹೇಗೆಂದು ಕಲಿಯಬೇಕು. ಇನ್ನೊಂದು ಸಲ ಯಾರೋ ಬರಲಿ ಅಂತ ಕಾಯುತ್ತಾ ಕೂರಬಾರದು.

ಕಾಲೇಜಿನ ಹೆಸರು ಬರೆಯುವುದಿಲ್ಲ. ಸೇರಿದ ದಿನವೇ ನಮ್ಮ ಅಸಲು ಅಂಕಪಟ್ಟಿಗಳನ್ನು ತೆಗೆದುಕೊಂಡು ಬೀರುವಿನಲ್ಲಿಟ್ಟರು. ಕಲಿಸುವುದಕ್ಕೆ ಎರಡು ದೊಡ್ಡ ಬೊಂಬೆಗಳಿದ್ದವು. ಅವೂ ಗಾಜಿನ ಬೀರುವಿನೊಳಗೇ. ಬೀಗದ ಕೈ ಪ್ರಿನ್ಸಿಪಾಲ್ ಮೇಡಂ ಹತ್ತಿರ. "ನಮ್ಮೂರ ಬೊಂಬೇನಾದ್ರೂ ಮಕ್ಕಳ ಕೈಗೆ ಕೊಡ್ತಾರೆ ಕಣೆ" ಅಂತ ಚನ್ನಪಟ್ಟಣದ ಗೆಳತಿಯೊಬ್ಬಳು ನಗಿಸುತ್ತಿದ್ದಳು. ನಮ್ಮನ್ನು ಸರ್ಕಾರಿ ಆಸ್ಪತ್ರೆಯ ವಾರ್ಡುಗಳಿಗೆ ಕಳಿಸುತ್ತಿದ್ದರು. ಅಲ್ಲಿ ನೆಲ ಒರೆಸಿದೆವು, ಫೈಲು ಹೊತ್ತೆವು, ಯಾರೂ ನೋಡದಿದ್ದ ಜ್ವರವನ್ನು ಚಾರ್ಟಿನಲ್ಲಿ ಬರೆದೆವು. ಕೇಳಿದರೆ, "ಮಾಡ್ತಾ ಮಾಡ್ತಾ ಬರುತ್ತೆ" ಅನ್ನುತ್ತಿದ್ದರು. ಕಲಿಸುವುದಕ್ಕೆಂದು ಸೇರಿಸಿಕೊಂಡವರು ಆಡುವ ಮಾತೇ ಇದು?

ನಿಜವಾಗಿ ಕಲಿಸಿದವರು ಅಲ್ಲಿನ ಒಂದು ವಾರ್ಡಿನ ಹಳೆಯ ಸಿಸ್ಟರ್. ಕಲಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಲಕ್ವ ಹೊಡೆದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂದರು. ಮಡಿಸಿದ ದುಪ್ಪಟಿಯನ್ನು ಸೊಂಟದ ಕೆಳಗೆ ಹಾಸಿ ಅದನ್ನೇ ಹಿಡಿದು ಹೊರಳಿಸುವುದನ್ನು ತೋರಿಸಿದರು. ಮಂಡಿಗಳ ನಡುವೆ ದಿಂಬು ಇಡಿಸಿದರು. "ಬೆನ್ನು ಕೆಂಪಾಗಿದ್ರೆ ಬೆರಳಲ್ಲಿ ಒತ್ತಿ ನೋಡು. ಬೆಳ್ಳಗಾಗಿ ಮತ್ತೆ ಕೆಂಪಾದ್ರೆ ಇನ್ನೂ ಕಾಲ ಮೀರಿಲ್ಲ. ಬೆಳ್ಳಗಾಗದೆ ಹಂಗೇ ಇದ್ರೆ, ಒಳಗೆ ಕೆಟ್ಟಿದೆ ಅಂತ ತಿಳ್ಕೊ."

ಆ ಭಾನುವಾರ ಎರಡು ಬಸ್ಸು ಹಿಡಿದು ಊರಿಗೆ ಹೋಗಿ ಅಪ್ಪನಿಗೂ ಅತ್ತೆಗೂ ಇದನ್ನೆಲ್ಲ ತೋರಿಸಿದೆ. ಅತ್ತೆ ಮೂಗು ಮುರಿದರೂ ದುಪ್ಪಟಿ ಮಡಿಸಿಕೊಟ್ಟಳು. ಅಪ್ಪನದು ಮಾತ್ರ ಗಡಿಯಾರ ನೋಡುವ ಬದುಕಲ್ಲ. ಎರಡು ಗಂಟೆ ಅಂದರೆ ಅವನಿಗೆ ಮರೆತುಹೋಗುತ್ತಿತ್ತು. ಆದರೆ ಹುಳಕ್ಕೆ ಸೊಪ್ಪು ಹಾಕುವುದನ್ನು ಅವನು ಹುಟ್ಟಿದಾಗಿನಿಂದ ಮರೆತಿಲ್ಲ. ಅದಕ್ಕೇ ಹೇಳಿದೆ: "ಸೊಪ್ಪು ಹಾಕ್ದಾಗ ಒಂದು ಸಲ, ನಡುವೆ ಹುಳ ನೋಡಕ್ಕೆ ಹೋದಾಗ ಒಂದು ಸಲ, ಅವ್ವನ್ನ ಹೊರಳ್ಸು."

"ಅಂಗಂದ್ರೆ ಆಯ್ತು ಬುಡವ್ವ" ಅಂದ.

ಮಾಡಿದ. ಒಂದು ಬೆಳೆಯ ಉದ್ದಕ್ಕೂ ತಪ್ಪಿಸಲಿಲ್ಲ. ಪ್ರತಿ ಭಾನುವಾರ ನಾನು ಅವ್ವನ ಬೆನ್ನು, ಹಿಮ್ಮಡಿ ನೋಡುತ್ತಿದ್ದೆ. ಎಲ್ಲೂ ಕೆಂಪಿರಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಹುಳ ಗೂಡು ಕಟ್ಟಿದ ಮೇಲೆ ಸೊಪ್ಪು ಇರುವುದಿಲ್ಲ ಅನ್ನುವುದು, ರೇಷ್ಮೆ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲ.

ಗೂಡು ಮಾರಿದ ಮೇಲೆ ಮುಂದಿನ ಬೆಳೆಯ ಹುಳದ ಮರಿ ತರುವ ತನಕ ಮನೆ ಖಾಲಿ. ಹುಳ ಸಾಕುವ ತಟ್ಟೆ ತೊಳೆದು, ಬ್ಲೀಚಿಂಗ್ ಪುಡಿ ಕಲಸಿ ಗೋಡೆಗೆಲ್ಲ ಹೊಡೆಯಬೇಕು. ಘಾಟು ಅಂತ ಅವ್ವನ ಮಂಚವನ್ನು ಜಗಲಿಗೆ ತಂದರು. ಅಲ್ಲಿ ತಲೆಗೆ ಎತ್ತರದ ದಿಂಬಿಟ್ಟು ಅಂಗಾತ ಮಲಗಿದರೆ ರಸ್ತೆ ಕಾಣುತ್ತಿತ್ತಂತೆ. ಹೋಗಿಬರುವವರನ್ನು ನೋಡುತ್ತಾ ಅವ್ವ ಖುಷಿಯಾಗಿದ್ದಳು, ಅತ್ತೆ ಹೊರಳಿಸಲು ಬಂದರೆ ಬೇಡ ಅನ್ನುತ್ತಿದ್ದಳು. ಸೊಪ್ಪು ಹಾಕುವ ಹೊತ್ತು ಅನ್ನುವುದೇ ಇರಲಿಲ್ಲವಾದ್ದರಿಂದ ಅಪ್ಪನಿಗೂ ನೆನಪಾಗಲಿಲ್ಲ. ಹೀಗೆ ಐದು ದಿನ.

ಮೂರನೆಯ ದಿನ ಅಪ್ಪ ಫೋನು ಮಾಡಿದ. "ಅವ್ವನ ಬೆನ್ನು ಒಸಿ ಕೆಂಪಗೈತೆ ಕನವ್ವ."

"ಒತ್ತಿದ್ರೆ ಬೆಳ್ಳಗಾಯ್ತದಾ?"

ಒತ್ತಿ ನೋಡಿ ಬಂದ. "ಇಲ್ಲ. ಹಂಗೇ ಐತೆ."

ಎರಡು ಗಂಟೆಗೊಮ್ಮೆ ಹೊರಳಿಸು, ಅಂಗಾತ ಮಲಗಿಸಲೇಬೇಡ, ನಾನು ಬಂದುಬಿಡುತ್ತೇನೆ ಅಂದೆ. ರಜೆ ಚೀಟಿ ಬರೆದುಕೊಂಡು ಮೇಡಂ ಮುಂದೆ ನಿಂತೆ. ಅವರು ಓದಲೂ ಇಲ್ಲ. "ನಾಡಿದ್ದು ಮುಗಿಯೋ ತನಕ ಯಾರೂ ಹೊರಗೆ ಹೋಗೋ ಹಾಗಿಲ್ಲ. ಇನ್‌ಸ್ಪೆಕ್ಷನ್ ಇದೆ ಅಂತ ಗೊತ್ತಿಲ್ವಾ?"

"ಅಮ್ಮನ ಬೆನ್ನಲ್ಲಿ ಹುಣ್ಣಾಗ್ತಿದೆ ಮೇಡಂ."

"ಮನೇಲಿ ಯಾರೂ ಇಲ್ವೇನಮ್ಮ? ಹೋಗೋದಾದ್ರೆ ಹೋಗು. ಹಾಜರಾತಿ ಕಮ್ಮಿ ಬಿದ್ರೆ ಪರೀಕ್ಷೆಗೆ ಕೂರಿಸಲ್ಲ. ಅಂಕಪಟ್ಟಿ ಕೊಡಿ ಅಂತ ಆಮೇಲೆ ಬರ್ಬೇಡ."

ಹೋಗಬೇಕಿತ್ತು. ಹೋಗಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಆ ಇನ್‌ಸ್ಪೆಕ್ಷನ್ ಹೇಗಿತ್ತೆಂದು ಬರೆಯಲೇಬೇಕು. ಕಾಲೇಜಿಗೆ ತನ್ನದೇ ಆಸ್ಪತ್ರೆ ಇದೆ ಅಂತ ಕಾಗದದಲ್ಲಿತ್ತು. ಮೇಲಿನ ಮಹಡಿಯಲ್ಲಿ ಮಂಚಗಳೂ ಇದ್ದವು. ರೋಗಿಗಳಿರಲಿಲ್ಲ. ಎರಡನೆಯ ವರ್ಷದವರಿಗೆ ಸಮವಸ್ತ್ರ ಹಾಕಿಸಿ ಸ್ಟಾಫ್ ನರ್ಸ್ ಮಾಡಿದರು. ಮೊದಲ ವರ್ಷದ ನಮ್ಮನ್ನು ಮನೆಯ ಸೀರೆ, ನೈಟಿಗಳಲ್ಲಿ ಮಂಚಗಳ ಮೇಲೆ ಮಲಗಿಸಿದರು. ನನಗೆ ಟೈಫಾಯ್ಡ್. ನನ್ನ ಹೆಸರಿನಲ್ಲಿ ಕೇಸ್ ಶೀಟ್, ತಾಪದ ಚಾರ್ಟು ಎಲ್ಲ ಇತ್ತು. ಹಿಂದಿನ ದಿನ ತಾಲೀಮು, ಮರುದಿನ ಇನ್‌ಸ್ಪೆಕ್ಷನ್. ಎರಡು ದಿನ ನಾನು ಹೊಸ ದುಪ್ಪಟಿ ಹಾಸಿದ ಮಂಚದ ಮೇಲೆ, ಕಾಯಿಲೆಯಿಲ್ಲದ ಬೆನ್ನಿನ ಮೇಲೆ ಮಲಗಿದ್ದೆ. ಚನ್ನಪಟ್ಟಣದ ಗೆಳತಿ ಪಕ್ಕದ ಮಂಚದಿಂದ, "ಏಯ್, ಸೊಟ್ಟಗೆ ಮಲಗ್ಬೇಡ, ಸತ್ತೋದೆ ಅಂದ್ಕೊಂಡಾರು" ಅಂತ ಪಿಸುಗುಟ್ಟಿದಳು. ನನಗೆ ಮೊದಲ ಸಲ ಅವಳ ಮೇಲೆ ಸಿಟ್ಟು ಬಂತು.

ತಪಾಸಣೆಗೆ ಬಂದವರು ನನ್ನ ಮಂಚದ ಹತ್ತಿರ ನಿಂತರು. "ಹೇಗಿದೀಯಮ್ಮ?" ಅಂದರು. ಅವರ ಹಿಂದೆ ಮೇಡಂ ನಿಂತಿದ್ದರು. ಬಾಯಿ ಬಿಡುವುದಕ್ಕೆ ಅದೇ ಹೊತ್ತು. "ಪರವಾಗಿಲ್ಲ ಸಾರ್" ಅಂದೆ. ನನ್ನ ಹಣೆ ಮುಟ್ಟಿಯೂ ನೋಡದೆ ಅವರು ಮುಂದೆ ಹೋದರು. ಕಾಲೇಜಿಗೆ ಅನುಮತಿ ಸಿಕ್ಕಿತು. ಸಂಜೆ ನಮಗೆಲ್ಲ ಮೈಸೂರುಪಾಕು ಹಂಚಿದರು.

ನಾನು ಊರು ತಲುಪಿದಾಗ ಬೆನ್ನು ಒಡೆದಿತ್ತು. ಬಾಲಮೂಳೆಯ ಮೇಲೆ ಹಸ್ತದಷ್ಟು ಅಗಲ. ಅವ್ವ ಬಂದೆಯಾ ಅನ್ನುವ ಹಾಗೆ ಎಡಗೈ ಎತ್ತಿದಳು. ಎರಡು ಗಂಟೆಗೊಮ್ಮೆ ಅಂತ ನಾನು ಫೋನಿನಲ್ಲಿ ಹೇಳಿದ್ದು ಅಪ್ಪನಿಗೆ ಮತ್ತೆ ಮರೆತುಹೋಗಿತ್ತು. "ಹುಳ ಇರ್ಲಿಲ್ವಲ್ಲವ್ವ... ಹುಳ ಇದ್ದಿದ್ರೆ ಗ್ಯಾನ ಬರೋದು" ಅಂದ. ನಂಜು ರಕ್ತಕ್ಕೆ ಏರಿತ್ತು. ಆಸ್ಪತ್ರೆಗೆ ಸೇರಿಸಿದೆವು. ನಾನು ಕೈಯಾರೆ ತೊಳೆದೆ, ಕೈಯಾರೆ ಹೊರಳಿಸಿದೆ. ಮೂರು ವಾರಕ್ಕೆ ಅವ್ವ ಹೋದಳು.

ಕಾಲೇಜಿಗೆ ಮರಳಿದಾಗ ಮರಣ ಪ್ರಮಾಣಪತ್ರದ ಜೆರಾಕ್ಸ್ ಕೇಳಿದರು, ಹಾಜರಾತಿ ಸರಿಪಡಿಸಲು. ಕೊಟ್ಟೆ. ಬಿಟ್ಟುಬಿಡೋಣ ಅನ್ನಿಸಿತ್ತು. ಆದರೆ ಬಿಟ್ಟರೆ ಅವರ ಬೀರುವಿನಲ್ಲಿ ಇನ್ನೊಂದು ಅಂಕಪಟ್ಟಿ ಉಳಿಯುತ್ತದೆ, ಅಷ್ಟೆ. ಆ ಸಿಸ್ಟರ್ ಇದ್ದ ವಾರ್ಡಿನಲ್ಲೇ ಹಟ ಹಿಡಿದು ಉಳಿದು ಕಲಿತೆ, ಪಾಸಾದೆ. ಈಗ ಕನಕಪುರದಲ್ಲಿ ಕೆಲಸ ಮಾಡುತ್ತೇನೆ. ಲಕ್ವದ ರೋಗಿ ಬಂದರೆ ಮನೆಯವರಿಗೆ ಗೋಡೆ ಗಡಿಯಾರ ತೋರಿಸಿಯೇ ಹೇಳಿಕೊಡುತ್ತೇನೆ.

ಅಂಕಪಟ್ಟಿ ತರಲು ಕೊನೆಯ ಸಲ ಹೋದ ದಿನ ಮೇಡಂ ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು, "ತಾಯಿ ಹುಷಾರಾದ್ರಾ?" ಅಂದರು. ತೀರಿಕೊಂಡರು ಅಂದೆ. "ಓ" ಅಂದರು. ಮುಂದಿನವಳನ್ನು ಕರೆದರು.

ಅಪ್ಪ ಈಗಲೂ ಸೊಪ್ಪು ಹಾಕುವಾಗ, ತಪ್ಪು ನಂದು ಕನವ್ವ, ನಂದು, ಅನ್ನುತ್ತಾನೆ. ಅವನಲ್ಲ ಅದನ್ನು ಹೇಳಬೇಕಾದದ್ದು. ಹೇಳಬೇಕಾದವರು ಇನ್ನೂ ಹೇಳಿಲ್ಲ.