ಬಹುಮಾನವಿಲ್ಲದ ಫೈನಲ್

ಕಳೆದ ವಾರ ಬಸವನ ಬಾಗೇವಾಡಿಗೆ ಮದುವೆಗೆಂದು ಹೋದವನು, ಊಟಕ್ಕಿನ್ನೂ ಹೊತ್ತಿದ್ದುದರಿಂದ, ಒಳಾಂಗಣ ಕ್ರೀಡಾಂಗಣದ ಕಡೆ ಕಾಲು ಹಾಕಿದೆ. ಬಾಗಿಲು ತೆರೆದಿತ್ತು. ಕಬಡ್ಡಿ ಮ್ಯಾಟಿನ ರಬ್ಬರು, ಬೆವರು, ನೋವಿನ ಮುಲಾಮು ಎಲ್ಲ ಕೂಡಿದ ವಾಸನೆ ಮೂಗಿಗೆ ಬಡಿಯಿತು. ನಿಮಗದು ಹಿತವೆನ್ನಿಸಲಿಕ್ಕಿಲ್ಲ. ನನಗೆ ಮಾತ್ರ ಮಾಬೂಬಿ ಅಕ್ಕೋರು ನೆನಪಾದರು. ಮದುವೆಯ ಊಟ ಮರೆತುಹೋಯಿತು. ನನ್ನನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ಮಾಬೂಬಿ ಅಕ್ಕೋರು ಬಾಗೇವಾಡಿಯ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ನಾನು ಆಗ ಸಿಂದಗಿಯಲ್ಲಿ ಕನ್ನಡ ಮಾಸ್ತರ. ಜನ್ಮದಲ್ಲಿ ಕಬಡ್ಡಿ ಆಡಿದವನಲ್ಲ. ದನಿ ದೊಡ್ಡದೆಂದು ನಮ್ಮ ನಾಲ್ಕು ತಾಲೂಕುಗಳ ಕಬಡ್ಡಿ ಲೀಗಿನವರು ಕೈಗೆ ಮೈಕು ಕೊಟ್ಟರು. ಆಮೇಲೆ ಅದನ್ನು ಕಸಿದುಕೊಳ್ಳಲಾಗದೆ ಕಾರ್ಯದರ್ಶಿಯನ್ನಾಗಿಯೂ ಮಾಡಿದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಂಡಗಳು ಪ್ರತಿ ಚಳಿಗಾಲ ಬಯಲಲ್ಲಿ ಆಡುತ್ತಿದ್ದವು. ಎರೆಮಣ್ಣಿನ ಅಂಕಣ ಒಣಗಿದರೆ ಬಿರುಕು, ನೆನೆದರೆ ಕೆಸರು. ಮೊಣಕಾಲು ಸಿಪ್ಪೆ ಸುಲಿಯದ ಆಟಗಾರನನ್ನು ನಾನು ನೋಡಿಯೇ ಇರಲಿಲ್ಲ.

ಹುಡುಗಿಯರ ಪಾಡು ಬೇರೆ. ಅವರು ಅಭ್ಯಾಸಕ್ಕಿಳಿದರೆ ಬಯಲಿನ ಸುತ್ತ ಕೆಲಸವಿಲ್ಲದವರೆಲ್ಲ ಬಂದು ನಿಲ್ಲುತ್ತಿದ್ದರು. ಅಕ್ಕೋರ ಬಳಿ ಕಸ್ತೂರಿ ಎಂಬ ಹುಡುಗಿಯಿದ್ದಳು. ಎದುರಾಳಿಗಳ ನಡುವೆ ನುಗ್ಗಿ ಮುಟ್ಟಿ ಬರುವುದರಲ್ಲಿ ಅವಳಂಥವಳು ನಾಲ್ಕೂ ತಾಲೂಕಿನಲ್ಲಿರಲಿಲ್ಲ. ಒಂದು ದಿನ ಅವಳ ತಂದೆ ಬಂದು, “ಅಕ್ಕೋರ, ಆಟಕ್ಕ ನಂದೇನೂ ತಕರಾರಿಲ್ರಿ. ಬಯಲಾಗ ಬ್ಯಾಡ್ರಿ. ಮಂದಿ ಏನೇನರ ಅಂತಾರ,” ಎಂದು ಕರೆದುಕೊಂಡು ಹೋದರು. ಅವಳ ಹಿಂದೆ ಇನ್ನೂ ಕೆಲವರು ಬಿಟ್ಟರು.

ಅದೇ ವರ್ಷ ಬಾಗೇವಾಡಿಯಲ್ಲಿ ಒಳಾಂಗಣ ಕ್ರೀಡಾಂಗಣದ ಮಾತು ಎದ್ದಿತು. ಗೋಡೆ, ಛಾವಣಿಗೆ ಸರಕಾರದ ಹಣ ಬರುವುದಿತ್ತು. ನೆಲ, ಮ್ಯಾಟು, ದೀಪಗಳಿಗೆ ಲೀಗ್ ಪಾಲು ಹಾಕುತ್ತದೆಯೇ ಎಂದು ಅಧಿಕಾರಿಗಳು ಕೇಳಿದರು. ಸಭೆ ಸೇರಿದೆವು. ನಾನು ಎದ್ದು, ಕ್ರೀಡಾಂಗಣ ಕಟ್ಟುವುದು ಪ್ರಭುತ್ವದ ಪರಮ ಕರ್ತವ್ಯ, ಆಡಿಸುವುದಷ್ಟೇ ಲೀಗಿನ ಧರ್ಮ ಎಂದು ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ನನ್ನ ಮಾತು ನನಗೇ ಇನ್ನಷ್ಟು ನಿಜವೆನ್ನಿಸುವುದು ಹಳೆಯ ಚಟ.

ಮಾಬೂಬಿ ಅಕ್ಕೋರು ಕುಳಿತಲ್ಲಿಂದಲೇ ಕೇಳಿದರು: “ಸರ್, ಪೂರಾ ಅವ್ರೇ ಕಟ್ಟಿದ್ರಂತ ತಿಳೀರಿ. ಒಳಗ ಯಾರು ಯಾವಾಗ ಆಡಬೇಕಂತ ಯಾರು ಹೇಳವ್ರು?”

“ಅವ್ರೇ ಹೇಳ್ತಾರ್ರಿ.”

“ಹಂಗಾದ್ರ ಸೀರಿ ಮಾರಾಟದವ್ರು ಬಂದ್ರ ಅವ್ರಿಗೆ ಕೊಡ್ತಾರ, ಲಗ್ನದವ್ರು ಬಂದ್ರ ಅವ್ರಿಗೂ ಕೊಡ್ತಾರ. ನಮ್ಮ ಹುಡುಗ್ಯಾರು ಮತ್ತ ಬಯಲಾಗ. ಪಾಲು ಹಾಕೂಣು, ಆದ್ರ ಒಂದು ಕರಾರ ಮ್ಯಾಲ. ಮುಂಜಾನಿ ಹೊತ್ತು ಹುಡುಗ್ಯಾರಿಗೆ. ಅದನ್ನ ಯಾರೂ ಮುಟ್ಟಬಾರದು.”

“ಲೀಗಿನ್ಯಾಗ ಅಷ್ಟು ರೊಕ್ಕ ಎಲ್ಲೈತ್ರಿ?” ಎಂದರು ಮುದ್ದೇಬಿಹಾಳದವರು.

“ಈ ವರ್ಷ ಕಪ್ಪೂ ಬ್ಯಾಡ, ಬಹುಮಾನಾನೂ ಬ್ಯಾಡ. ಸುಮ್ನ ಆಡೂಣು.”

ಗೆದ್ದರೂ ಏನೂ ಸಿಗದ ಆಟ ಹೇಗಿರುತ್ತದೆಂದು ಗಂಡಸರು ಯೋಚಿಸುತ್ತಿದ್ದರು. ಕೊನೆಗೆ ಇಂಡಿ ತಂಡದ ನಾಯಕ ಎದ್ದು, “ನನ್ನ ತಂಗೀನೂ ಆಡತಿದ್ಲು, ಈಗ ಬಿಟ್ಟಾಳ. ನಾವು ಕಪ್ ಬಿಟ್ವಿ ತಗೋರಿ,” ಎಂದ. ಒಬ್ಬ ಬಿಟ್ಟ ಮೇಲೆ ಉಳಿದವರು ಹಿಡಿದುಕೊಂಡು ಕೂಡ್ರುವುದು ಹೇಗೆ? ನಾನೂ ಕೈ ಎತ್ತಿದೆ, ಎಲ್ಲರಿಗಿಂತ ಕಡೆಗೆ.

ಆ ವರ್ಷದ ಫೈನಲ್ಲಿಗೆ ಜನ ಬರಲಿಕ್ಕಿಲ್ಲವೆಂದುಕೊಂಡಿದ್ದೆವು. ಬಯಲು ತುಂಬಿ ಗಿಡಗಳ ಮೇಲೂ ಹತ್ತಿ ಕುಳಿತಿದ್ದರು. ಗೆದ್ದವರ ಕೈಯಲ್ಲಿ ಏನಾದರೂ ಇಡಬೇಕಲ್ಲವೆಂದು ಯಾರೋ ಒಂದು ಚೀಲ ನಿಂಬೆಹಣ್ಣು ತಂದಿದ್ದರು. ಗೆದ್ದದ್ದು ಇಂಡಿಯವರು. ಮನೆಮನೆಗೂ ನಿಂಬೆಯ ತೋಟವಿರುವವರು! ಆ ನಾಯಕ ಚೀಲ ಎತ್ತಿ ಹಿಡಿದು, “ಇವು ನಮ್ಮ ಹೊಲದ್ದ ಅದಾವು,” ಎಂದಾಗ ಬಯಲೆಲ್ಲ ನಕ್ಕಿತು. ಅಲ್ಲೇ ಶರಬತ್ತು ಮಾಡಿ ಸೋತವರಿಗೂ ಕುಡಿಸಿದರು. ಅಷ್ಟು ರುಚಿಯಾದ ಬಹುಮಾನ ವಿತರಣೆಯನ್ನು ನಾನು ಮತ್ತೆ ಕಂಡಿಲ್ಲ.

ಕ್ರೀಡಾಂಗಣ ಎದ್ದಿತು. ಕರಾರು ಉಳಿಯಿತು. ಕಸ್ತೂರಿಯ ತಂದೆ ಮಗಳನ್ನು ಮತ್ತೆ ಆಟಕ್ಕೆ ಕರೆತಂದು, ಮೊದಮೊದಲು ಬಾಗಿಲಲ್ಲಿ ಕಾವಲು ಕೂಡ್ರುತ್ತಿದ್ದರು. ಕ್ರಮೇಣ ಒಳಗೆ ಬಂದು ಅಂಪೈರನ ತಪ್ಪು ಹುಡುಕತೊಡಗಿದರು. ಕಸ್ತೂರಿ ರಾಜ್ಯ ತಂಡಕ್ಕೆ ಆಡಿದಳು. ಈಗ ನಿಡಗುಂದಿಯಲ್ಲಿ ಅವಳೂ ಅಕ್ಕೋರು.

ನಾನು ಹೋದ ಆ ಮುಂಜಾನೆ ಒಳಗೆ ಹುಡುಗಿಯರೇ ಆಡುತ್ತಿದ್ದರು. ನೋಡುತ್ತ ನಿಂತೆ. ಒಬ್ಬಳು ಬಂದು, “ಅಜ್ಜಾರ, ಇದು ನಮ್ಮ ಟೈಮ್ ಐತ್ರಿ. ಹೊರಗ ಕೂಡ್ರಿ,” ಎಂದಳು. ನಾನು ಯಾರೆಂದು ಹೇಳಬೇಕೆಂದು ಬಾಯಿ ತೆರೆದೆ. ಹೇಳಲಿಲ್ಲ. ಹೊರಬಂದು ಕಟ್ಟೆಯ ಮೇಲೆ ಕುಳಿತೆ. ಯಾರಾದರೂ ನನ್ನನ್ನು ಹೊರಗೆ ಕಳಿಸಿದ್ದಕ್ಕೆ ಕಣ್ಣು ತುಂಬಿ ಬಂದದ್ದು ಅದೇ ಮೊದಲು.

ನಿನ್ನೆ ಲೀಗಿನ ಸಭೆಯಿತ್ತು. ಚಡಚಣದಲ್ಲೂ ಕ್ರೀಡಾಂಗಣ ಕಟ್ಟುತ್ತಾರಂತೆ, ಪಾಲು ಕೇಳಿದ್ದಾರೆ. ಹೊಸ ಹುಡುಗನೊಬ್ಬ ಎದ್ದು, ಕಟ್ಟುವುದು ಸರಕಾರದ ಕೆಲಸವೆಂದು ಬಹಳ ಚೆನ್ನಾಗಿ ಮಾತಾಡಿದ. ಚಪ್ಪಾಳೆ ಮುಗಿಯುವವರೆಗೆ ಕಾದು, ಪಾಲು ಹಾಕುವುದರ ಪರವಾಗಿ ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ಮನೆಗೆ ಬಂದು ಮಾಬೂಬಿ ಅಕ್ಕೋರಿಗೆ ಫೋನ್ ಮಾಡಿ ಆ ಹುಡುಗನ ಭಾಷಣದ ಸುದ್ದಿ ಹೇಳಿದೆ. ಅವರೀಗ ನಿವೃತ್ತರು, ಮಗಳ ಮನೆಯಲ್ಲಿದ್ದಾರೆ.

“ಏನಾತ್ರಿ ಕಡೀಕ?” ಎಂದರು.

“ಪಾಲು ಹಾಕೂದಂತ ಆತ್ರಿ. ಅದ ಕರಾರ ಮ್ಯಾಲ.”



“ಪಾಯಾ ಹಾಕೂ ದಿನ ತಿಳಸ್ರಿ ಸರ್,” ಎಂದರು. “ಮೊಣಕಾಲು ನೋಯ್ತಾವು. ಆದ್ರೂ ಬರ್ತೇನಿ.”