ಹಾಡಿನ ನಡುವೆ ಅವ್ವ

ನಮ್ಮ ಕನ್ನಡ-ತೆಲುಗು ಗಡಿ ಸೀಮೆಯಲ್ಲಿ ಮೈಕ್ ಎಂದರೆ ಊರ ಬಾವಿಯಿದ್ದ ಹಾಗೆ, ಯಾರು ಬೇಕಾದರೂ ಬಂದು ಕೊಡ ಮುಳುಗಿಸಬಹುದು. ವೇದಿಕೆಯ ಮೇಲೆ ಪುರಾಣವಿರಲಿ, ಪುಢಾರಿಯಿರಲಿ, ನಡುವೆ ಯಾರೋ ಹತ್ತಿ, "ಮಕ್ತಲ್‌ದ ಬೀಗರು ಎಲ್ಲಿದ್ರೂ ಗೇಟಿನ ಹತ್ರ ಬರಬೇಕ್ರಿ" ಎಂದು ಸಾರಿ, ಸಭೆಗೊಂದು ನಮಸ್ಕಾರ ಹಾಕಿ ಇಳಿಯುತ್ತಾರೆ. ಇದನ್ನು ಆಕ್ಷೇಪಿಸುವವನು ಅರಸಿಕ. ಒಮ್ಮೆ ನಾನೇ ಆ ಅರಸಿಕನಾದೆ. ಏಕೆಂದರೆ ವೇದಿಕೆಯ ಮೇಲಿದ್ದವನು ನಾನು, ಹತ್ತಿದವಳು ನನ್ನ ಅವ್ವ.

ನಾರಾಯಣಪೇಟೆಯ ಅಂಗಡಿಯಲ್ಲಿ ಸೀರೆ ಮಡಚಿಡುವ ಈ ಸಭ್ಯ ಗೃಹಸ್ಥ ಒಂದು ಕಾಲಕ್ಕೆ ಹೆಗಲ ತನಕ ಕೂದಲು ಬಿಟ್ಟ ಗಿಟಾರ್‌ಧಾರಿಯಾಗಿದ್ದನೆಂದರೆ ನೀವು ನಗುತ್ತೀರಿ. ನಗಿ, ನನ್ನ ಹೆಂಡತಿಯೂ ನಗುತ್ತಾಳೆ. ನಾಲ್ವರು ಗೆಳೆಯರು ರಾಕ್ ಬ್ಯಾಂಡ್ ಕಟ್ಟಿ, ಬಾಡಿಗೆ ಜೀಪಿನಲ್ಲಿ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸುತ್ತಿ, ಅದಕ್ಕೆ 'ಟೂರ್' ಎಂಬ ಭಾರಿ ಹೆಸರಿಟ್ಟಿದ್ದೆವು. ತೆಲುಗಿನಲ್ಲೊಂದು ಚರಣ, ಕನ್ನಡದಲ್ಲೊಂದು ಚರಣ. ಎರಡೂ ಯಾರಿಗೂ ತಿಳಿಯದಷ್ಟು ಗದ್ದಲವೇ ನಮ್ಮ ಸಾಧನೆ. ಗದ್ವಾಲದ ಕಚೇರಿಯನ್ನು ಕ್ಯಾಸೆಟ್ಟಿಗೆ ಹಿಡಿಸಿದೆವು, ಜಗತ್ತಿಗೆ ಅದು ಬೇಕಾದೀತೆಂಬ ನಂಬಿಕೆಯಿಂದ.

ಅದರಲ್ಲೇ ಅನಾಹುತವೂ ಆಯಿತು. ನಾನು ಕಣ್ಣು ಮುಚ್ಚಿ ತಂತಿಗಳ ಮೇಲೆ ತಾಂಡವವಾಡುತ್ತಿರುವಾಗ, ಗದ್ವಾಲದ ಚಿಕ್ಕವ್ವನ ಮನೆಗೆ ಬಂದಿದ್ದ ಅವ್ವ ನೆಟ್ಟಗೆ ವೇದಿಕೆ ಹತ್ತಿ, ಮೈಕ್ ಹಿಡಿದು, "ಬಸ್ಯಾ, ರೊಟ್ಟಿ ಆರಾಕತ್ಯಾವ, ಲಗೂ ಮುಗಿಸಿ ಬಾ!" ಎಂದಳು. ಹಾಡಿಗೆ ಬೀಳದ ಚಪ್ಪಾಳೆ ರೊಟ್ಟಿಗೆ ಬಿತ್ತು. ನಾನು ಸಿಟ್ಟಿಗೆದ್ದು ಇನ್ನಷ್ಟು ಜೋರಾಗಿ ಬಾರಿಸಿದೆ.

ಅವ್ವ ಹೋಗಿ ಮೂರು ವರ್ಷ. ಫೋಟೋ ಬೇಕಾದಷ್ಟಿವೆ, ದನಿ ಮಾತ್ರ ಆ ಕ್ಯಾಸೆಟ್ಟಿನ ಹೊರತು ಎಲ್ಲಿಯೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾವ ತಾಯಿ ಯಾರನ್ನು "ಲಗೂ ಬಾ" ಎಂದು ಕರೆದರೂ ತಿರುಗಿ ನೋಡುತ್ತೇನೆ. ಮನೆಯಲ್ಲಿ ಟೇಪ್‌ರೆಕಾರ್ಡರ್ ಕೆಟ್ಟು ಯಾವ ಕಾಲವಾಯಿತೋ. ಹೀಗಾಗಿ ಕ್ಯಾಸೆಟ್ಟನ್ನು ನಮ್ಮ ಡ್ರಮ್ಮಿನ ಶಿವ್ಯಾನಿಗೆ ಕಳಿಸಿದೆ. ಅವನೀಗ ಮಕ್ತಲ್‌ನಲ್ಲಿ ರೆಕಾರ್ಡಿಂಗ್ ಅಂಗಡಿಯಿಟ್ಟು ಊರ ಭಜನೆಗಳಿಗೆ ಮೆರುಗು ಕೊಡುತ್ತಾನೆ. ಈ ವಯಸ್ಸಿನಲ್ಲಿ ಅವ್ವ ಬೇಕೆನ್ನಲು ನಾಚಿಕೆ, ಹಾಡು ಬೇಕೆಂದೆ.

ಮೊನ್ನೆ ಫೋನು ಬಂತು. "ದೋಸ್ತ, ಟೇಪು ಕಡೀಕ ಹರದೇ ಹೋತು, ಆದ್ರ ಹಾಡು ಕಂಪ್ಯೂಟರಿಗೆ ಏರೇತಿ. ನಡುವಿನ ನಿಮ್ಮವ್ವನ ಮಾತು ತಗದು ಸಾಫ್ ಮಾಡೀನಿ ನೋಡು."

ಗಿರಾಕಿಗೆ ಬಿಡಿಸಿದ ಸೀರೆಯನ್ನು ಹಾಗೇ ಬಿಟ್ಟು ಬಸ್ಸು ಹತ್ತಿದೆ. ಮಕ್ತಲ್ ಬರುವ ತನಕ ಶಿವ್ಯಾನನ್ನು ಮನಸ್ಸಿನಲ್ಲೇ ವಂಶ ಸಮೇತ ಬೈದೆ, ನಡುನಡುವೆ ನನ್ನ ನಾಚಿಕೆಯನ್ನೂ.

ಅವನು ನನ್ನ ಮುಖ ನೋಡಿದವನೇ, "ಹುಚ್ಚಪ್ಪಾ, ಯವ್ವನ ಮಾತು ಚೆಲ್ಲತೀನೇನು? ಬ್ಯಾರೆ ಇಟ್ಟೀನಿ" ಎಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ. ಈಗಿನ ಯಂತ್ರ ವಾದ್ಯವನ್ನೂ ಮಾತನ್ನೂ ಜೋಳ ಹಸನು ಮಾಡಿದಂತೆ ಬೇರ್ಪಡಿಸುತ್ತದೆ. ಗಿಟಾರಿಲ್ಲ, ಡ್ರಮ್ಮಿಲ್ಲ; ಅವ್ವ ಒಬ್ಬಳೇ. ರೊಟ್ಟಿಯ ಮಾತು ಬಂತು, ಮುಗಿಯಿತು. ಅದರ ಹಿಂದೆಯೇ, ಇಷ್ಟು ವರ್ಷ ನನ್ನದೇ ಗದ್ದಲದಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ಮಾತು, ಮೈಕ್ ಇನ್ನೂ ಕೈಯಲ್ಲಿರುವಾಗಲೇ ಪಕ್ಕದಲ್ಲಿದ್ದ ಶಿವ್ಯಾನನ್ನು ಅವಳು ಮೆಲ್ಲಗೆ ಕೇಳಿದ್ದು: "ಯಪ್ಪಾ, ಅಷ್ಟು ಜೋರು ಬಾರಸ್ತಾನ, ಅವನ ಬೆರಳು ನೋಯಂಗಿಲ್ಲೇನು?"

"ನೋಯ್ತಿದ್ವು ಯವ್ವಾ, ಭಾಳ ನೋಯ್ತಿದ್ವು" ಎಂದೆ, ಹೆಡ್‌ಫೋನ್ ಹಾಕಿಕೊಂಡೇ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ.